ಎಬಿಐ 0.9 ಅಂತ ಬಾಯಿಪಾಠ ಇದೆ, ಕಾಲಿಗೆ ಕಫ್ ಕಟ್ಟಿದ್ದೇ ಇಲ್ಲ. ನೀವೆಲ್ಲ ಎಲ್ಲಿ ಕಲಿತಿರಿ?

ಕೋಡಿಬಾಗದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಬಿಐ (ಆಂಕಲ್ ಬ್ರೇಕಿಯಲ್ ಇಂಡೆಕ್ಸ್) ಅಂದರೆ ಕಣಕಾಲಿಗೆ ಬಿಪಿ ಪಟ್ಟಿ, ಅಂದರೆ ಕಫ್, ಕಟ್ಟಿ ಅಳೆದ ಒತ್ತಡವನ್ನು ಕೈಯ ಒತ್ತಡದಿಂದ ಭಾಗಿಸಿ, ಕಾಲಿನ ರಕ್ತನಾಳ ಕಟ್ಟಿಕೊಂಡಿದೆಯಾ ಅಂತ ನೋಡುವ ಲೆಕ್ಕ. ನನ್ನ ಊರು ಕಾರವಾರ, ಮನೆ ಕೋಡಿಬಾಗದಲ್ಲಿ. ಎಂಬಿಬಿಎಸ್ ಕೊನೆಯ ತರಬೇತಿ, ಹೌಸ್ ಸರ್ಜನ್ಸಿ, ಎಂಟನೇ ತಿಂಗಳು ನಡೆಯುತ್ತಿದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಇಲ್ಲಿ ಬರೆಯುತ್ತಿರುವ ತಪ್ಪು ನನ್ನದು.

ಎರಡು ತಿಂಗಳ ಹಿಂದೆ ಆರ್ಥೋ ಓಪಿಡಿಯಲ್ಲಿ ಕೂತಿದ್ದೆ. ಸೋಮವಾರ. ಹೊರಗೆ ಜಡಿಮಳೆ, ಒಳಗೆ ಕಾಲಿಡಲು ಜಾಗ ಇಲ್ಲ. ಅಂಕೋಲಾದ ಒಳಗೆ, ಘಟ್ಟದ ಬುಡದ ಊರಿನಿಂದ ಒಬ್ಬರು ಬಂದರು. ವಯಸ್ಸು 56. ಕೊನೆಗೌಡ. ಬಯಲುಸೀಮೆಯವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಅಡಿಕೆ ಮರ ಹತ್ತಿ ಕೊನೆ ಇಳಿಸುವವರು, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವವರು.

"ನೂರು ಮಾರು ನಡೆದ್ರೆ ಮೀನಖಂಡ ಕಟ್ಕಂಡ್ ಬತ್ತದೆ. ನಿಂತ್ರೆ ಬಿಡ್ತದೆ. ಮರ ಹತ್ತೂಕೆ ಆಗೂದಿಲ್ಲ" ಅಂದರು.

ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು? ನಾನು ಕೇಳಿದ್ದು ಒಂದೇ ಪ್ರಶ್ನೆ, ಸೊಂಟ ನೋವಿದೆಯಾ ಅಂತ. ನಲವತ್ತು ವರ್ಷ ಮರ ಹತ್ತಿದವರಿಗೆ ಸೊಂಟ ನೋಯದೆ ಇರುತ್ತದಾ? "ಇದೆ" ಅಂದರು. ಮುಗಿಯಿತು. ಕಾಲು ಎತ್ತಿಸಿ ನೋಡಿದೆ, ಸಯಾಟಿಕಾ, ಅಂದರೆ ಸೊಂಟದ ನರದಿಂದ ಕಾಲಿಗೆ ಇಳಿಯುವ ನೋವು, ಅಂತ ಬರೆದೆ. ನೋವಿನ ಮಾತ್ರೆ, ಬಿ12, ಹಚ್ಚಲು ಒಂದು ಜೆಲ್. ಪಾದದ ತುಂಬ ಕೆಸರಿತ್ತು. ಸುಳ್ಳು ಯಾಕೆ ಹೇಳಲಿ, ಕೆಸರು ಅಂತಲೇ ಮುಟ್ಟಲಿಲ್ಲ.

ಕಳೆದ ವಾರ ನನ್ನ ಸರ್ಜರಿ ಪೋಸ್ಟಿಂಗ್ ಶುರುವಾಯಿತು. ಮೂರನೇ ಬೆಡ್ಡಿನಲ್ಲಿ ಅವರೇ ಮಲಗಿದ್ದಾರೆ. ಬಲಗಾಲಿನ ಹೆಬ್ಬೆರಳ ತುದಿ ಕಪ್ಪಾಗಿದೆ. ನನ್ನ ಗುರುತು ಹಿಡಿದರು. "ಆವತ್ತು ಜೆಲ್ ಕೊಟ್ಟದ್ದು ನೀವೇ ಅಲ್ವಾ ತಂಗಿ?" ಬೈಯುವ ದನಿ ಅಲ್ಲ ಅದು. ಪರಿಚಯದವರು ಸಿಕ್ಕರಲ್ಲ ಅನ್ನುವ ಸಮಾಧಾನ. ಬೈದಿದ್ದರೇ ಚೆನ್ನಾಗಿತ್ತು.

ರೌಂಡ್ಸಿನಲ್ಲಿ ಚೀಫ್ ಕೇಳಿದರು, "ಎಬಿಐ ಎಷ್ಟು?"

"0.9ಕ್ಕಿಂತ ಕಡಿಮೆ ಇದ್ದರೆ ಅಬ್‌ನಾರ್ಮಲ್ ಸರ್."

"ಅದು ಪುಸ್ತಕದ್ದು. ಇವರದ್ದು ಎಷ್ಟು?"

ಯಾರೂ ಮಾತಾಡಲಿಲ್ಲ. ಮಾಡಿ ತೋರಿಸಿ ಅಂತ ಅವರು ಹೋದರು. ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ಇದಕ್ಕೆ ಬೇಕು. ನಾನು ಲೇಬರ್ ರೂಮಿಗೆ ಓಡಿ, ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಇಸಕೊಂಡು ಬಂದೆ. ಡಾಪ್ಲರ್ ಅಂದರೆ ಡಾಪ್ಲರ್ ಅಲ್ವಾ ಅಂದುಕೊಂಡೆ. ಪಾದದ ಮೇಲೆ ಇಟ್ಟರೆ ಬರೀ ಕರಕರ. ನನ್ನ ಪಾದದ ಮೇಲೆ ಇಟ್ಟುಕೊಂಡೆ, ಅಲ್ಲೂ ಕರಕರ. ಪಕ್ಕದ ಬೆಡ್ಡಿನ ಅಜ್ಜಿ "ಹುಡುಗನಾ, ಹುಡುಗಿಯಾ?" ಅಂತ ಕೇಳಿ ಇಡೀ ವಾರ್ಡನ್ನು ನಗಿಸಿದರು.

ರಾತ್ರಿ ಮೆಸ್ಸಿನಲ್ಲಿ ಎದುರು ಕೂತಿದ್ದ ಒಂಬತ್ತು ಜನರನ್ನು ಕೇಳಿದೆ. 0.9 ಎಲ್ಲರಿಗೂ ಗೊತ್ತು. 1.4 ದಾಟಿದರೆ ನಾಳ ಗಟ್ಟಿಯಾಗಿದೆ ಅಂತ ಐದು ಜನರಿಗೆ ಗೊತ್ತು. ಮೇಲೆ ಯಾವ ಕೈ, ಕೆಳಗೆ ಯಾವ ನಾಳ ಅಂದರೆ ಜಗಳ ಶುರು. ಕೈಯಾರೆ ಮಾಡಿದವರು ಒಬ್ಬರೂ ಇಲ್ಲ. ಎಂಸಿಕ್ಯೂ ಹಾಕಿಕೊಂಡು ಬಂದ ಬ್ಯಾಚು ನಮ್ಮದು.

ಹಾಗಾಗಿ ಕೇಳುತ್ತಿದ್ದೇನೆ. ಇದನ್ನು ಸರಿಯಾಗಿ ಮಾಡುವುದು ಹೇಗೆ? ಮಾಮೂಲಿ ಎಲೆಕ್ಟ್ರಾನಿಕ್ ಬಿಪಿ ಮಷಿನ್ನನ್ನು ಕಾಲಿಗೆ ಕಟ್ಟಿದರೆ ನಡೆಯುತ್ತದಾ? ಇನ್ನೊಂದು, ಮುಂದಿನ ತಿಂಗಳು ಅಂಕೋಲಾ ಕಡೆ ನಮ್ಮದೊಂದು ಶುಗರ್ ಕ್ಯಾಂಪ್ ಇದೆ. ಬಂದವರಿಗೆಲ್ಲ ಎಬಿಐ ಮಾಡಿಬಿಡೋಣ ಅಂತ ನನ್ನ ಆಸೆ. ಬೇಡ ಅನ್ನುವವರು ಯಾಕೆ ಬೇಡ ಅಂತಲೂ ಹೇಳಿ.

ಸರ್ಜರಿ ಪಿಜಿ, ಎರಡನೇ ವರ್ಷ

ಮೊದಲು ಸಮಾಧಾನ ಮಾಡಿಕೊಳ್ಳಿ. ಪಿಜಿಗೆ ಬಂದ ಮೊದಲ ತಿಂಗಳು ನಾನು ಎರಡೂ ಕೈಯ ಬಿಪಿಯ ಸರಾಸರಿ ತೆಗೆದು ಭಾಗಿಸಿದ್ದೆ. ಬೈಸಿಕೊಂಡೇ ಕಲಿತಿದ್ದು.

ರೋಗಿಯನ್ನು ಅಂಗಾತ ಮಲಗಿಸಿ, ಐದರಿಂದ ಹತ್ತು ನಿಮಿಷ ಸುಮ್ನೆ ಬಿಡಿ. ಈ ಹತ್ತು ನಿಮಿಷವನ್ನೇ ಎಲ್ಲರೂ ಹಾರಿಸುತ್ತಾರೆ. ಹಿಮ್ಮಡಿ ಮಂಚದಿಂದ ಹೊರಗೆ ನೇತಾಡಬಾರದು. ಅದಕ್ಕೂ ಮೊದಲು ಎರಡು ಗಂಟೆ ಬೀಡಿ ಸೇದಿರಬಾರದು. ನಮ್ಮ ವಾರ್ಡಿನಲ್ಲಿ ಇದು ಕಷ್ಟ, ಗೊತ್ತು.

ಕಫ್ಫಿನ ಕೆಳ ಅಂಚು ಕಾಲಿನ ಗಿಣ್ಣಿಗಿಂತ ಎರಡು ಸೆಂಟಿಮೀಟರ್ ಮೇಲೆ ಇರಲಿ. ಅಗಲ ಕಾಲಿನ ಸುತ್ತಳತೆಯ ಶೇ. 40ರಷ್ಟಾದರೂ ಬೇಕು. ಪ್ರೋಬನ್ನು (ಡಾಪ್ಲರಿನ ಮೈಗೆ ತಾಗಿಸುವ ತುದಿ) ಚರ್ಮಕ್ಕೆ ನೆಟ್ಟಗೆ ಒತ್ತಬೇಡಿ, 45ರಿಂದ 60 ಡಿಗ್ರಿ ಓರೆ ಹಿಡಿಯಿರಿ. ಜೋರಾಗಿ ಒತ್ತಿದರೆ ನಾಳವೇ ಮುಚ್ಚಿಹೋಗುತ್ತದೆ, ಆಮೇಲೆ "ಫ್ಲೋ ಇಲ್ಲ" ಅಂತ ಬರೆಯುತ್ತೀರಿ. ಸದ್ದು ನಿಂತ ಮೇಲೆ ಇನ್ನೂ 20 ಏರಿಸಿ, ನಿಧಾನವಾಗಿ ಇಳಿಸುತ್ತ ಬನ್ನಿ. ಸದ್ದು ವಾಪಸ್ ಬಂದ ಅಂಕಿಯೇ ಸಿಸ್ಟೋಲಿಕ್, ಅಂದರೆ ಬಿಪಿಯ ಮೇಲಿನ ಅಂಕಿ. ಕೈಗೂ ಇದೇ ಡಾಪ್ಲರ್ ಬಳಸಿ. ಕೈಗೆ ಸ್ಟೆತ್, ಕಾಲಿಗೆ ಡಾಪ್ಲರ್ ಅಂತ ಬೆರೆಸಬೇಡಿ.

ಒಂದು ಕೈಯಿಂದ ಶುರು ಮಾಡಿ. ಆಮೇಲೆ ಅದೇ ಬದಿಯ ಕಾಲಿನ ಎರಡು ನಾಳ, ಒಳಗಿಣ್ಣಿನ ಹಿಂದಿನದು ಮತ್ತು ಪಾದದ ಮೇಲಿನದು. ಆಮೇಲೆ ಇನ್ನೊಂದು ಕಾಲು, ಕೊನೆಗೆ ಇನ್ನೊಂದು ಕೈ. ಮೊದಲ ಕೈ ಎರಡನೆಯದಕ್ಕಿಂತ 10ಕ್ಕಿಂತ ಜಾಸ್ತಿ ತೋರಿಸಿದರೆ ಮೊದಲ ಕೈಯನ್ನು ಮತ್ತೊಮ್ಮೆ ನೋಡಿ. ಗಾಬರಿಗೆ ಏರಿದ್ದಿರಬಹುದು.

ಈಗ ನಿಮ್ಮ ಮೆಸ್ಸಿನ ಜಗಳ. ಬಲಗೈ 128, ಎಡಗೈ 140 ಅಂದುಕೊಳ್ಳಿ. ಬಲಗಾಲಿನ ಒಂದು ನಾಳ 118, ಇನ್ನೊಂದು 124. ಆ ಕಾಲಿನ ದೊಡ್ಡ ಅಂಕಿಯನ್ನು ಎರಡು ಕೈಗಳಲ್ಲಿ ದೊಡ್ಡದರಿಂದ ಭಾಗಿಸಬೇಕು. 124 ಭಾಗಿಸು 140, ಅಂದರೆ 0.89. ಕಾಯಿಲೆ ಇದೆ. ಬಲಗಾಲಿಗೆ ಬಲಗೈ ಅಂತ ಭಾಗಿಸಿದರೆ 0.97 ಬರುತ್ತದೆ, ರೋಗಿಯನ್ನು ಮನೆಗೆ ಕಳಿಸುತ್ತೀರಿ. ಎಡಗಾಲಿಗೂ ಭಾಗಿಸುವುದು ಅದೇ 140. ಕೆಲವರು ಕಾಲಿನ ಸಣ್ಣ ಅಂಕಿ ತೆಗೆದುಕೊಳ್ಳಬೇಕು ಅಂತ ವಾದಿಸುತ್ತಾರೆ. ಆಗ 0.84. ಹಾಗೆ ಮಾಡಿದರೆ ಜಾಸ್ತಿ ಜನ ಸಿಗುತ್ತಾರೆ, ಕಾಯಿಲೆ ಇಲ್ಲದವರೂ ಸಿಗುತ್ತಾರೆ. ಪರೀಕ್ಷೆಯಲ್ಲಿ ದೊಡ್ಡದನ್ನೇ ಹೇಳಿ, ಅದೇ ಸದ್ಯದ ಪದ್ಧತಿ.

0.90 ಮತ್ತು ಅದಕ್ಕಿಂತ ಕಡಿಮೆ ಅಂದರೆ ಕಾಯಿಲೆ. 0.91ರಿಂದ 0.99 ಅನುಮಾನದ ಗೆರೆ. 1.00ರಿಂದ 1.40 ಸರಿ. ಗೆರೆ ಮೇಲಿದ್ದು, ನಡೆದರೆ ನೋವು ಅನ್ನುವವರನ್ನು ನಡೆಸಿ ಮತ್ತೆ ಅಳೆಯಿರಿ. ಶೇ. 20ಕ್ಕಿಂತ ಜಾಸ್ತಿ ಇಳಿದರೆ ಅನುಮಾನ ನಿಜ.

ಎಲೆಕ್ಟ್ರಾನಿಕ್ ಮಷಿನ್ ಬೇಡ. ಒತ್ತಡ ತುಂಬ ಕಡಿಮೆ ಇರುವ ಕಾಲಿನಲ್ಲೇ ಅದು ತಪ್ಪು ಹೇಳುವುದು, ಇಲ್ಲವೇ ಎರರ್ ತೋರಿಸುವುದು. ನಮಗೆ ಬೇಕಾದವರು ಅವರೇ.

ಕುಮಟಾ ಸಿಸ್ಟರ್

ಡಾಕ್ಟ್ರೇ, ಲೇಬರ್ ರೂಮಿನ ಡಾಪ್ಲರ್ ಕಥೆ ಓದಿ ನಮ್ಮ ಡ್ಯೂಟಿ ರೂಮಿನಲ್ಲಿ ಎಲ್ಲರೂ ನಕ್ಕೆವು. ಬೇಜಾರು ಮಾಡಿಕೊಳ್ಳಬೇಡಿ, ನೀವು ಮೊದಲನೆಯವರಲ್ಲ. ಮಗುವಿನದ್ದು 2 ಅಥವಾ 3 ಮೆಗಾಹರ್ಟ್ಸ್, ಹೊಟ್ಟೆಯ ಆಳಕ್ಕೆ ಹೋಗಬೇಕಲ್ಲ. ಪಾದದ ನಾಳ ಚರ್ಮದ ಕೆಳಗೇ ಇರುತ್ತದೆ. ಅದಕ್ಕೆ 8 ಮೆಗಾಹರ್ಟ್ಸಿನ ಪೆನ್ಸಿಲ್ ಪ್ರೋಬ್ ಬೇಕು. ಬಹಳ ಕಡೆ ಇರುತ್ತದೆ, ಯಾವುದೋ ಬೀರುವಿನಲ್ಲಿ ಸೆಲ್ ಸತ್ತು ಬಿದ್ದಿರುತ್ತದೆ. ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಪಿಜಿಗಳನ್ನು ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ.

ಗಾಯ ಇದ್ದರೆ ಮೇಲೊಂದು ಪ್ಲಾಸ್ಟಿಕ್ ಹೊದಿಸಿ ಆಮೇಲೆ ಕಫ್ ಕಟ್ಟಿ. ಆ ಕಫ್ ಮುಂದಿನ ಬೆಡ್ಡಿಗೂ ಹೋಗುತ್ತದೆ. ಮೀನಖಂಡ ಬಾತು ಬಿಸಿಯಾಗಿ, ರಕ್ತ ಹೆಪ್ಪುಗಟ್ಟಿದ ಅನುಮಾನ ಇದ್ದರೆ ಕಟ್ಟಲೇಬೇಡಿ.

ಡ್ರೆಸ್ಸಿಂಗ್ ರೂಮಿನಿಂದ ನನ್ನದೊಂದು ಸಿಟ್ಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ವೇರಿಕೋಸ್ ಹುಣ್ಣು (ಕಾಲಿನ ಉಬ್ಬಿದ ಅಭಿಧಮನಿಯಿಂದ ಆಗುವ ಹುಣ್ಣು) ಅಂತ ಚೀಟಿ ಬರುತ್ತದೆ, ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಅಂತ ಹೌಸ್ ಸರ್ಜನ್ ಬರೆದಿರುತ್ತಾರೆ. ಎಬಿಐ ಎಷ್ಟು ಅಂತ ಕೇಳಿದರೆ ನನ್ನ ಮುಖ ನೋಡುತ್ತಾರೆ. ರಕ್ತವೇ ಇಳಿಯದ ಕಾಲಿಗೆ ಬಿಗಿಯಾಗಿ ಸುತ್ತಿದರೆ ಪಾದ ಹೋಗುತ್ತದೆ. ನಾನಂತೂ ಅಂಕಿ ಇಲ್ಲದ ಚೀಟಿ ವಾಪಸ್ ಕಳಿಸುತ್ತೇನೆ. ಸಿಸ್ಟರಿಗೆ ಜೋರು ಅಂತಾರೆ, ಅನ್ನಲಿ.

ಘಟ್ಟದ ಮೇಲಿನ ಡಾಕ್ಟರ್, ಶಿರಸಿ

ತಂಗಿ, ಕೆಸರು ಅಂತ ಮುಟ್ಟಲಿಲ್ಲ ಎಂದು ಬರೆದೆಯಲ್ಲ, ಆ ಒಂದು ಸಾಲಿಗೋಸ್ಕರ ಉತ್ತರಿಸುತ್ತಿದ್ದೇನೆ. ಇಲ್ಲದಿದ್ದರೆ ನನಗೆ ಈ ಮೊಬೈಲಿನಲ್ಲಿ ಟೈಪ್ ಮಾಡುವುದೇ ಒಂದು ಶಿಕ್ಷೆ.

ನನ್ನ ಪ್ರಾಕ್ಟೀಸಿಗೆ 31 ವರ್ಷ. ಡಾಪ್ಲರ್ ಕೊಂಡಿದ್ದು ತೀರ ಇತ್ತೀಚೆಗೆ. ಮೊದಲೆಲ್ಲ ಬೆರಳು ಮತ್ತು ಕಿವಿ ಅಷ್ಟೇ. ಮೇಲಿನ ಪಿಜಿ ಬರೆದದ್ದೆಲ್ಲ ಸರಿ. ಆದರೆ ಈ ಹುಡುಗಿಗೆ ಆವತ್ತು ಕೊರತೆಯಾದದ್ದು ಡಾಪ್ಲರ್ ಅಲ್ಲ. ರೋಗಿ ಹೇಳಿದ ಮಾತೇ ಪರೀಕ್ಷೆಯಾಗಿತ್ತು. ನಡೆದರೆ ನೋವು, ನಿಂತರೆ ಹೋಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ಬೆನ್ನಿನ ನರದ್ದಾದರೆ ನಿಂತರೆ ಸಾಲದು. ಕೂರಬೇಕು, ಇಲ್ಲ ಮುಂದಕ್ಕೆ ಬಾಗಬೇಕು. ಇಳಿಜಾರಿನಲ್ಲಿ ನರದ್ದು ಜಾಸ್ತಿ, ಏರಿನಲ್ಲಿ ರಕ್ತನಾಳದ್ದು ಜಾಸ್ತಿ. ನಮ್ಮದು ಘಟ್ಟದ ಊರು, ಈ ಪ್ರಶ್ನೆ ಕೇಳಲು ಬೇರೆ ಉಪಕರಣ ಬೇಡ. "ತೋಟಕ್ಕೆ ಇಳಿಯುವಾಗಲೋ, ಮನೆಗೆ ಹತ್ತುವಾಗಲೋ?" ಅಷ್ಟು ಕೇಳಿದರೆ ಆಯಿತು.

ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬರನ್ನು ನೋಡಿದ್ದೆ. ಹೆಂಡತಿ ಮುಂದೆ, ಇವರು ಹಿಂದೆ. ಪ್ರತಿ ಬಳೆ ಅಂಗಡಿಯ ಎದುರೂ ನಿಂತು ಬಳೆ ನೋಡುತ್ತಾರೆ. ಈ ವಯಸ್ಸಿನಲ್ಲಿ ಇವರಿಗೆಂಥ ಬಳೆಯ ಹುಚ್ಚು ಅಂದುಕೊಂಡೆ. ಮಾರನೇ ವಾರ ಕ್ಲಿನಿಕ್ಕಿಗೆ ಬಂದಾಗ ತೊಡೆಸಂದಿನ ನಾಡಿಯೇ ಸಣ್ಣಗಿತ್ತು.

ನಾಡಿ ನೋಡುವುದು ಕಲಿ. ತೊಡೆಸಂದು, ಮಂಡಿಯ ಹಿಂದೆ, ಒಳಗಿಣ್ಣಿನ ಹಿಂದೆ, ಪಾದದ ಮೇಲೆ. ಪಾದದ ಮೇಲಿನದು ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಅದೊಂದು ಸಿಗಲಿಲ್ಲ ಅಂತ ಹೆದರಿಸಬೇಡ. ಒಳಗಿಣ್ಣಿನದು ಸಿಗದಿದ್ದರೆ ಹೆದರು. ಮಲಗಿಸಿ ಕಾಲು ಎತ್ತಿ ಹಿಡಿ, ಪಾದ ಬಿಳಿಚುತ್ತದಾ ನೋಡು. ಆಮೇಲೆ ಕೂರಿಸಿ ಕಾಲು ಇಳಿಬಿಡಲು ಹೇಳು. ಕೆಂಪು ಕೆಂಪಾಗಿ ದಾಸವಾಳದ ಹಾಗೆ ಆದರೆ ಆ ಕೆಂಪು ನೋಡಿ ರಕ್ತ ಚೆನ್ನಾಗಿದೆ ಅಂದುಕೊಳ್ಳಬೇಡ. ಅದು ಕಾಯಿಲೆಯ ಕೆಂಪು.

ಇನ್ನೊಂದು ಚಟ ನೋಡುತ್ತೇನೆ ನಿಮ್ಮಲ್ಲಿ. ಬೀಡಿ ಸೇದುವವನ ಕಾಲು ಕಪ್ಪಾದರೆ ಸಾಕು, ಬರ್ಗರ್ ಕಾಯಿಲೆ ಅಂತ ಬರೆಯುವುದು. ಅದು ಸಾಮಾನ್ಯವಾಗಿ ಐವತ್ತರೊಳಗೆ ಶುರುವಾಗುವುದು, ಹಿಡಿಯುವುದು ತುದಿಯ ಸಣ್ಣ ನಾಳಗಳನ್ನು. ತೊಂದರೆ ಪಾದದಲ್ಲಷ್ಟೇ ಇದ್ದರೆ ಎಬಿಐ ಸರಿಯಾಗಿಯೇ ಬರಬಹುದು. ಕಣಕಾಲಿನ ಕೆಳಗೆ ಏನಾಗಿದೆ ಅಂತ ಕಣಕಾಲಿನ ಕಫ್ಫಿಗೆ ಹೇಗೆ ಗೊತ್ತಾಗಬೇಕು? ನಿನ್ನ ಕೊನೆಗೌಡರಿಗೆ 56. ಕೊಬ್ಬು ಕಟ್ಟಿದ ನಾಳವೇ ಇರಬೇಕು. ಹಾಗಿದ್ದರೆ ಎದೆಯ ಇಸಿಜಿಯನ್ನೂ ನೋಡಿ. ಕಾಲಿನಲ್ಲಿ ಕಟ್ಟಿದ್ದು ಹೃದಯದಲ್ಲೂ ಕಟ್ಟಿರುವ ಸಾಧ್ಯತೆ ಜಾಸ್ತಿ.

ಕ್ಯಾಂಪಿನ ವಿಷಯಕ್ಕೆ ನನ್ನ ಮತ ಬೇಡ ಅಂತ. ಒಬ್ಬರಿಗೆ ಎಬಿಐ ಮಾಡಲು ಇಪ್ಪತ್ತು ನಿಮಿಷ ಬೇಕು. ಇನ್ನೂರು ಜನ ಬರುತ್ತಾರೆ. ನೀವು ಗಡಿಬಿಡಿಯಲ್ಲಿ ತಪ್ಪು ಅಂಕಿ ಬರೆದು, ಹುಬ್ಬಳ್ಳಿಗೆ ಹೋಗಿ ಅಂತ ಚೀಟಿ ಕೊಡುತ್ತೀರಿ. ಕೂಲಿ ಬಿಟ್ಟು ಹೋಗಿಬರುವುದು ಅವರು. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2018ರಲ್ಲಿ ಇದನ್ನೇ ಕೂತು ನೋಡಿ, ತೊಂದರೆಯೇ ಇಲ್ಲದವರಿಗೆಲ್ಲ ಎಬಿಐ ಮಾಡಿಸಿ ಅನ್ನಲಿಕ್ಕೂ, ಬೇಡ ಅನ್ನಲಿಕ್ಕೂ ಪುರಾವೆ ಸಾಲದು ಅಂದಿತು. ಬಂದವರ ಚಪ್ಪಲಿ ಬಿಚ್ಚಿಸಿ, ಪಾದ ತೊಳೆಸಿ, ಬೆರಳ ಸಂದು ನೋಡಿ, ನಾಡಿ ನೋಡಿ. ಅನುಮಾನ ಇದ್ದವರಿಗಷ್ಟೇ ಕಫ್ ಕಟ್ಟಿ.

ಸರ್ಜರಿ ಪಿಜಿ, ಎರಡನೇ ವರ್ಷ

ಸರ್, ನಾಡಿಯ ಮಾತು ಒಪ್ಪಿದೆ. ಕ್ಯಾಂಪಿನ ಮಾತು ಪೂರ್ತಿ ಒಪ್ಪಲಾರೆ. ಡೆನ್ಮಾರ್ಕಿನಲ್ಲಿ 65ರಿಂದ 74ರ ಸುಮಾರು 50 ಸಾವಿರ ಗಂಡಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಹೆಸರು ವೈವಾ, ನಮ್ಮ ಪರೀಕ್ಷೆಯ ವೈವಾ ಅಲ್ಲ! 2017ರಲ್ಲಿ ಫಲಿತಾಂಶ ಬಂತು. ಅರ್ಧ ಜನರನ್ನು ಕರೆದು ಕಾಲಿನ ನಾಳ, ಹೊಟ್ಟೆಯ ದೊಡ್ಡ ನಾಳ, ಬಿಪಿ ಮೂರನ್ನೂ ನೋಡಿದರು. ಆ ಗುಂಪಿನಲ್ಲಿ ಸಾವು ಶೇ. 7ರಷ್ಟು ಕಡಿಮೆ. ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಪುಣ್ಯ ಯಾವುದಕ್ಕೆ ಅಂತ ಹೇಳಲಾಗದು, ನಿಜ. ಆದರೆ ವಯಸ್ಸಾದ, ಬಹಳ ವರ್ಷದಿಂದ ಶುಗರ್ ಇರುವವರಿಗೆ, ಬೀಡಿ ಸೇದುವವರಿಗೆ ನೋವಿಲ್ಲದಿದ್ದರೂ ಮಾಡುವುದರಲ್ಲಿ ತಪ್ಪೇನಿಲ್ಲ. ಈ ಕಾಯಿಲೆ ಇದ್ದವರಲ್ಲಿ ಬಹಳ ಜನ "ನಡೆದರೆ ನೋವು" ಅಂತ ಹೇಳುವುದೇ ಇಲ್ಲ. ಶುಗರಿನಿಂದ ನರ ಸತ್ತವರಿಗೆ ನೋವೇ ಗೊತ್ತಾಗುವುದಿಲ್ಲ.

ಘಟ್ಟದ ಮೇಲಿನ ಡಾಕ್ಟರ್, ಶಿರಸಿ

ಸರಿ ಮಾರಾಯಾ, ಅವರಿಗೆ ಮಾಡಿ. ಆದರೆ ಹತ್ತು ನಿಮಿಷ ಮಲಗಿಸಲು ಮಂಚ ನೀವೇ ತನ್ನಿ. ಶಾಲೆಯ ಬೆಂಚಿನ ಮೇಲೆ ಮಲಗಿಸಿ ಅಳೆದದ್ದನ್ನು ನಾನು ನಂಬುವುದಿಲ್ಲ.

ಕೋಡಿಬಾಗದವಳು

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. 8 ಮೆಗಾಹರ್ಟ್ಸಿನ ಪ್ರೋಬ್ ನಮ್ಮ ವಾರ್ಡಿನ ಬೀರುವಿನಲ್ಲೇ ಇತ್ತು, ಹಳೇ ಇಂಡೆಂಟ್ ಪುಸ್ತಕದ ಕೆಳಗೆ. ಸೆಲ್ ನಾನೇ ಕೊಂಡುತಂದೆ. ಕೊನೆಗೌಡರನ್ನು ಹತ್ತು ನಿಮಿಷ ಮಲಗಿಸಿದೆ. ಆ ಹತ್ತು ನಿಮಿಷದಲ್ಲಿ ಅವರ ಮಗಳ ಮದುವೆ, ಈ ಸಲದ ಕೊಳೆ, ಮರಕ್ಕೆ ಎಷ್ಟು ಕೂಲಿ, ಎಲ್ಲ ಗೊತ್ತಾಯಿತು. ಹದಿನೈದನೇ ವಯಸ್ಸಿನಿಂದ ದಿನಕ್ಕೊಂದು ಕಟ್ಟು ಬೀಡಿ ಅನ್ನುವುದೂ ಗೊತ್ತಾಯಿತು. ಓಪಿಡಿಯಲ್ಲಿ ನಾನು ಅದನ್ನೂ ಕೇಳಿರಲಿಲ್ಲ.

ಬಲಗೈ 142, ಎಡಗೈ 138. ಬಲಗಾಲಿನ ಒಳಗಿಣ್ಣಿನ ಹಿಂದೆ ಸದ್ದೇ ಇಲ್ಲ. ಪಾದದ ಮೇಲೆ 62. ಅಂದರೆ 0.44. ಎಡಗಾಲಿನಲ್ಲಿ 104 ಮತ್ತು 110, ಅಂದರೆ 0.77. ಎಡಗಾಲು ಒಳ್ಳೆಯ ಕಾಲು ಅಂತ ಎಲ್ಲರೂ ಅಂದುಕೊಂಡಿದ್ದೆವು. ಚೀಫ್ ತಾವೇ ಇನ್ನೊಮ್ಮೆ ಅಳೆದರು. 0.45 ಬಂತು. ಏನೂ ಹೇಳಲಿಲ್ಲ, ಕೇಸ್ ಶೀಟಿನಲ್ಲಿ ನನ್ನ ಅಂಕಿಯನ್ನೇ ಉಳಿಸಿದರು.

ಹುಬ್ಬಳ್ಳಿಗೆ ಕಳಿಸಿದೆವು. ತೊಡೆಯ ನಾಳ ಕಟ್ಟಿತ್ತು, ಬಲೂನ್ ಹಾಕಿ ಅಗಲ ಮಾಡಿದ್ದಾರೆ. ಹೆಬ್ಬೆರಳ ತುದಿ ಹೋಯಿತು, ಪಾದ ಉಳಿದಿದೆ. ಆಸ್ಪಿರಿನ್, ಸ್ಟಾಟಿನ್, ದಿನಾ ನಡಿಗೆ. ಹೋಗುವ ಮೊದಲು "ಮತ್ತೆ ಮರ ಹತ್ತೂಕೆ ಆಗ್ತದ್ಯಾ ತಂಗಿ?" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಬೀಡಿ ಬಿಡಿ ಅಂದೆ. ಅವರು ಕೇಳಿದ್ದು ಅದನ್ನಲ್ಲ.

ಈಗ ರಾತ್ರಿ ಊಟ ಆದ ಮೇಲೆ ಹಾಸ್ಟೆಲ್ ಜಗಲಿಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಕಫ್ ಕಟ್ಟಿಕೊಳ್ಳುತ್ತಿದ್ದೇವೆ. ಮೊದಲ ದಿನ ನನ್ನ ರೂಮ್‌ಮೇಟಿನ ಎಬಿಐ 0.7 ಬಂತು. ಅವಳು ಬ್ಯಾಡ್ಮಿಂಟನ್ ಆಡುತ್ತಾಳೆ! ನಾನು ಪ್ರೋಬ್ ಒತ್ತಿ ಹಿಡಿದಿದ್ದೆ. ನಾಲ್ಕನೇ ದಿನಕ್ಕೆ ಎಲ್ಲರದ್ದೂ 1.0ರಿಂದ 1.2ರೊಳಗೆ ಬರತೊಡಗಿತು. ಓದಿದ್ದು ಒಂದು ಸಾಲು, ಕೈಗೆ ಹತ್ತಲು ನಾಲ್ಕು ರಾತ್ರಿ ಬೇಕಾಯಿತು. ಆಮೇಲೆ ಮೆಸ್ಸಿನ ಭಟ್ರು "ನಂದೂ ನೋಡಿ" ಅಂತ ಬಂದು ಕೂತರು. ಎರಡು ಸಲ ಅಳೆದರೂ 0.84. ಈಗ ಅವರೇ ನಮ್ಮ ಮೊದಲ ಕ್ಯಾಂಪಿನ ರೋಗಿ. ಸಾರಿಗೆ ಉಪ್ಪು ಮರೆಯುವಷ್ಟು ಗಾಬರಿಯಾಗಿದ್ದಾರೆ.

ಪಿಜಿ ಸರ್, ಇನ್ನೊಂದೇ ಪ್ರಶ್ನೆ. ವಾರ್ಡಿನಲ್ಲಿ ಇಪ್ಪತ್ತು ವರ್ಷದ ಶುಗರ್ ಇರುವ ಒಬ್ಬ ಅಮ್ಮನಿಗೆ 1.46 ಬಂತು. ಹಿಮ್ಮಡಿಯಲ್ಲಿ ಹುಣ್ಣಿದೆ. ಕಾಲಿನ ಬೆರಳಿಗೆ ಕಟ್ಟುವ ಕಫ್ ನಮ್ಮಲ್ಲಿಲ್ಲ. ಮಕ್ಕಳ ವಾರ್ಡಿನಿಂದ ಸಣ್ಣ ಕಫ್ ತಂದರೆ ಆಗುತ್ತದಾ?

ಸರ್ಜರಿ ಪಿಜಿ, ಎರಡನೇ ವರ್ಷ

ಮತ್ತೆ ಲೇಬರ್ ರೂಮ್ ಕಥೆ ಆಗುತ್ತದೆ, ಬೇಡ! ಹೆಬ್ಬೆರಳಿಗೆ 2.5 ಸೆಂಟಿಮೀಟರ್ ಅಗಲದ ಬೇರೆ ಕಫ್ ಬರುತ್ತದೆ. ಇಂಡೆಂಟ್ ಹಾಕಿಸಿ. ಬೆರಳಿನ ಒತ್ತಡವನ್ನು ಕೈಯದ್ದರಿಂದ ಭಾಗಿಸಿದ ಅನುಪಾತಕ್ಕೆ ಗೆರೆ 0.9 ಅಲ್ಲ, 0.7. ಕಫ್ ಬರುವ ತನಕ ಸುಮ್ನೆ ಕೂರಬೇಡಿ. 1.46 ಅಂದರೆ ನಾಳ ಸುಣ್ಣಗಟ್ಟಿ ಕಫ್ಫಿಗೆ ಒತ್ತುತ್ತಿಲ್ಲ ಅಂತ, ರಕ್ತ ಚೆನ್ನಾಗಿ ಹೋಗುತ್ತಿದೆ ಅಂತ ಅಲ್ಲ. ಡಾಪ್ಲರ್ ಸದ್ದು ಕೇಳಿ. ಧಡ್ ಧಡ್ ಅಂತ ಎರಡು ಮೂರು ಬಡಿತ ಬಿಡಿಬಿಡಿಯಾಗಿ ಕೇಳುತ್ತದಾ, ಇಲ್ಲ ಗಾಳಿ ಬೀಸಿದ ಹಾಗೆ ಒಂದೇ ಸಮನೆ ಸುಯ್ ಅನ್ನುತ್ತದಾ? ಸುಯ್ ಅಂದರೆ ನಾಳೆಯೇ ಡ್ಯೂಪ್ಲೆಕ್ಸ್ ಸ್ಕ್ಯಾನಿಗೆ (ನಾಳ ಮತ್ತು ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಬರೆಯಿರಿ. ಸದ್ದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿದರೂ ಸರಿ. ಅಮ್ಮನ ಹೆಸರು ಬೇಡ.